ನೆಲವೇ ಡೊಂಕಾಗಿದ್ದರೆ?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ಕೇಳಿಕೊಂಡೇ ಬೆಳೆದವಳು ನಾನು. ಸಾರು ಕೆಟ್ಟರೆ ಇದೇ ಗಾದೆ, ಹೊಲಿಗೆ ತಪ್ಪಿದರೂ ಇದೇ ಗಾದೆ. ಆದರೆ ಒಂದು ಸಂಗತಿ ಗಮನಿಸಿದ್ದೀರಾ? ನೆಲ ನಿಜವಾಗಿಯೂ ಡೊಂಕಾಗಿತ್ತೇ ಎಂದು ಬಗ್ಗಿ ನೋಡಿದವರು ಆ ಗಾದೆಯಲ್ಲಿ ಒಬ್ಬರೂ ಇಲ್ಲ!

ಕಳೆದ ವರ್ಷದ ನವೆಂಬರಿನಲ್ಲಿ, ಪೀಣ್ಯ ಎರಡನೇ ಹಂತದ ಪಕ್ಕದಲ್ಲಿರುವ ನಮ್ಮ ಬಡಾವಣೆಯ ರಾಜ್ಯೋತ್ಸವ. ಶಾಮಿಯಾನ, ಹಳದಿ-ಕೆಂಪು ಬಾವುಟ, ಆಳೆತ್ತರದ ಸ್ಪೀಕರುಗಳು, ಎಲ್ಲ ಇತ್ತು. ಮಾತನಾಡುವವರ ಪಟ್ಟಿಯಲ್ಲಿ ಹೆಂಗಸು ಒಬ್ಬಳೇ. ನಮ್ಮ ಬೀದಿಯವಳು, ಗಾರ್ಮೆಂಟ್ಸಿಗೆ ಹೋಗುವವಳು. ಬಸ್ ಸ್ಟಾಪಿನಿಂದ ನಮ್ಮ ಬೀದಿಯವರೆಗೆ ಒಂದೂ ದೀಪವಿಲ್ಲ, ಕತ್ತಲಾದ ಮೇಲೆ ಕೆಲಸ ಮುಗಿಸಿ ಬರುವ ಹೆಂಗಸರು ಮೊಬೈಲಿನ ಬೆಳಕಿನಲ್ಲಿ ಜೀವ ಕೈಯಲ್ಲಿ ಹಿಡಿದು ನಡೆಯುತ್ತಾರೆ ಎಂಬುದನ್ನು ವೇದಿಕೆಯ ಮೇಲಿನ ದೊಡ್ಡವರಿಗೆ ಮುಟ್ಟಿಸಬೇಕೆಂದು ಎರಡು ರಾತ್ರಿ ಕೂತು ಬರೆದುಕೊಂಡಿದ್ದಳು.

ಅವಳು ಬಾಯಿ ತೆರೆದದ್ದೇ ತಡ, ಸೌಂಡ್ ಸಿಸ್ಟಂನ ಹುಡುಗ "ಲೇಡೀಸ್ ವಾಯ್ಸು, ಕೀರಲು" ಎಂದು ಮಿಕ್ಸರಿನ ಟ್ರೆಬಲ್ ಇಳಿಸಲು ಕೈ ಹಾಕಿದ. ಸ್ಪೀಕರಿನಲ್ಲಿ ಕರಕರ ಕರ್ರ್! ಜನ ಕಿವಿ ಮುಚ್ಚಿಕೊಂಡು ನಕ್ಕರು. ಸಮಿತಿಯ ಹಿರಿಯರೊಬ್ಬರು ಎದ್ದು ಬಂದು, "ಕಿರುಚಬೇಡಮ್ಮ, ಸ್ವಲ್ಪ ಹಿಂದೆ ನಿಂತ್ಕೊಂಡು ಮೆಲ್ಲಗೆ ಮಾತಾಡು" ಎಂದರು. ಹಿಂದೆ ಸರಿದಳು. ದನಿ ಇನ್ನೂ ತೆಳ್ಳಗಾಯಿತು. ಹುಡುಗ ಮತ್ತೆ ತಿರುಗಿಸಿದ, ಮತ್ತೆ ಕರ್ರ್. ದೀಪದ ಮಾತು ಬರುವ ಮೊದಲೇ ಕಾಗದ ಮಡಚಿಕೊಂಡು ಇಳಿದು ಬಂದಳು. "ನನ್ ಗಂಟ್ಲೇ ಸರಿ ಇಲ್ಲ ಬಿಡಕ್ಕ" ಎಂದಳು. ಆಮೇಲೆ ಬಂದ ಮಹನೀಯರು ಇನ್ನೊಂದು ಮೈಕಿನಲ್ಲಿ ನಾಡು-ನುಡಿಯ ಮೇಲೆ ನಲವತ್ತು ನಿಮಿಷ ಗುಡುಗಿದರು. ಅವರ ದನಿಗೆ ಯಾರೂ ಕೈ ಹಾಕಲಿಲ್ಲ.

ಹನ್ನೊಂದು ವರ್ಷ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಆಂಪ್ಲಿಫೈಯರ್ ಬೋರ್ಡುಗಳಿಗೆ ಬೆಸುಗೆ ಹಾಕಿದವಳು ನಾನು. ಸುಮ್ಮನೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಕುರ್ಚಿಗಳನ್ನು ಎತ್ತಿಡುವ ಹೊತ್ತಿಗೆ ಆ ಹುಡುಗನ ಹತ್ತಿರ ಹೋಗಿ, "ಏನಪ್ಪ, ಅವಳ ಮೈಕಿನ ವೈರನ್ನು ಪಕ್ಕದ ಚಾನೆಲ್ಲಿಗೆ ಹಾಕು ನೋಡೋಣ" ಎಂದೆ. ಹಾಕಿದ. ಅದೇ ಮೈಕು, ಅದೇ ವೈರು, ನನ್ನದೂ ಹೆಣ್ಣು ದನಿಯೇ. ಗಂಟೆ ಹೊಡೆದಂತೆ ಕೇಳಿಸಿತು. ಮಹನೀಯರ ಮೈಕನ್ನು ಅವಳ ಚಾನೆಲ್ಲಿಗೆ ಹಾಕಿಸಿ ಟ್ರೆಬಲ್ ತಿರುಗಿಸಿದೆ. ಕರ್ರ್! ಅಲ್ಲಿಗೆ ಗಂಟಲು, ಮೈಕು, ವೈರು ಮೂರೂ ನಿರಪರಾಧಿಗಳೆಂದಾಯಿತು. ಈ ವಿಚಾರಣೆಗೆ ಹಿಡಿದದ್ದು ಎರಡು ನಿಮಿಷ. ಆ ಎರಡು ನಿಮಿಷ ಅವಳಿಗಾಗಿ ಯಾರ ಬಳಿಯೂ ಇರಲಿಲ್ಲ.

ಮಿಕ್ಸರ್ ಎಂದರೆ ನಾವು ಚಟ್ನಿ ರುಬ್ಬುವ ಮಿಕ್ಸಿಯಲ್ಲ. ಹಲವು ಮೈಕುಗಳ ದನಿಯನ್ನು ಹದವಾಗಿ ಬೆರೆಸಿ ಸ್ಪೀಕರಿಗೆ ಕಳಿಸುವ ಪೆಟ್ಟಿಗೆ. ಒಂದೊಂದು ಮೈಕಿಗೂ ಒಂದೊಂದು ಚಾನೆಲ್, ಅಂದರೆ ತಿರುಪುಗಳ ಒಂದು ಸಾಲು. ಅದರಲ್ಲಿ ಬಾಸ್, ಮಿಡ್, ಟ್ರೆಬಲ್ ಎಂಬವು ಸೇರಿ ಈಕ್ವಲೈಜರ್, ಅಂದರೆ ಸಮ ಮಾಡುವಂಥದು. ಟೆಲಿಫೋನಿನ ಉದ್ದನೆಯ ತಂತಿಯಲ್ಲಿ ಸಾಗುವಾಗ ದನಿಯ ಮೇಲಿನ ಸ್ವರಗಳು ಸವೆಯುತ್ತಿದ್ದವು. ಸವೆದದ್ದನ್ನು ತುಂಬಿ ಸಮ ಮಾಡಲು ಹುಟ್ಟಿದ ಉಪಾಯ ಇದು. 1952ರಲ್ಲಿ ಪೀಟರ್ ಬ್ಯಾಕ್ಸಂಡಾಲ್ ಎಂಬ ಇಂಗ್ಲೆಂಡಿನ ಎಂಜಿನಿಯರ್ ಬಾಸ್-ಟ್ರೆಬಲ್ ಹದ ಮಾಡುವ ಸರಳ ಸರ್ಕ್ಯೂಟನ್ನು 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಎಲ್ಲರಿಗೂ ಸಿಗುವಂತೆ ಪ್ರಕಟಿಸಿದ. ಜಗತ್ತಿನ ಲೆಕ್ಕವಿಲ್ಲದಷ್ಟು ಪೆಟ್ಟಿಗೆಗಳೊಳಗೆ ಇಂದಿಗೂ ಇರುವುದು ಅದರ ಸಂತತಿಯೇ.

ಆ ತಿರುಪಿನ ಕೆಳಗೆ ಇರುವುದು ಬಳೆಯ ತುಂಡಿನಂಥ ಒಂದು ಇಂಗಾಲದ ಪಟ್ಟಿ, ಅದರ ಮೇಲೆ ಜಾರುವ ಒಂದು ಲೋಹದ ನಾಲಿಗೆ. ನಮ್ಮ ಕಡೆಯ ಲಾರಿಗಳೆಬ್ಬಿಸುವ ಧೂಳು, ಗಣಪತಿ ಪೆಂಡಾಲಿನ ಊದುಬತ್ತಿಯ ಹೊಗೆ, ಚೆಲ್ಲಿದ ಟೀ, ಮಳೆಗಾಲದ ತೇವ ಎಲ್ಲ ಆ ಪಟ್ಟಿಯ ಮೇಲೆ ಕೂರುತ್ತವೆ. ನಾಲಿಗೆ ಪಟ್ಟಿಯನ್ನು ಸರಿಯಾಗಿ ಮುಟ್ಟದೆ ತಡವರಿಸುತ್ತದೆ. ಅದೇ ಕರಕರ. ತಿರುಗಿಸಿದಷ್ಟೂ ಹೆಚ್ಚು. ಎಂದರೆ, ಅವಳ ದನಿಯನ್ನು ತಿದ್ದಲು ಹೋದ ಕೈಯೇ ಆ ಸದ್ದನ್ನು ಎಬ್ಬಿಸುತ್ತಿತ್ತು!

ತಿದ್ದುವ ಅಗತ್ಯವಾದರೂ ಇತ್ತೇ? ಗಂಡಸರ ಮಾತಿನ ಮೂಲಸ್ವರ ಸಾಮಾನ್ಯವಾಗಿ ಸೆಕೆಂಡಿಗೆ 120 ಕಂಪನಗಳ ಆಸುಪಾಸು, ಹೆಂಗಸರದು 200ರ ಆಸುಪಾಸು. ಇಂಥ ಮಿಕ್ಸರುಗಳ ಟ್ರೆಬಲ್ ತಿರುಪಿನ ರಾಜ್ಯವಿರುವುದು ಹೆಚ್ಚಾಗಿ 10-12 ಸಾವಿರದ ಹತ್ತಿರ. ಕಿವಿಗೆ ಚುಚ್ಚುವ ದನಿ 2ರಿಂದ 4 ಸಾವಿರದ ನಡುವೆ, ಅದು ಮಿಡ್‌ನ ಪಾಲು. ಟ್ರೆಬಲ್ಲನ್ನು ಪೂರ್ತಿ ಇಳಿಸಿದರೆ ಕೀರಲು ಹೋಗುವುದಿಲ್ಲ, ಸ-ಶಗಳ ಸ್ಪಷ್ಟತೆ ಹೋಗುತ್ತದೆ. ಇನ್ನು ಆ "ಹಿಂದೆ ನಿಂತ್ಕೊ" ಎಂಬ ಉಪದೇಶ. ಸಭೆಗಳಲ್ಲಿ ಬಳಸುವ ಮೈಕುಗಳಲ್ಲಿ ಹೆಚ್ಚಿನವು ಬಾಯಿ ಹತ್ತಿರವಿದ್ದಾಗ ಬಾಸ್ ಹೆಚ್ಚಿಸಿ, ದೂರ ಹೋದಂತೆ ಕಳೆಯುತ್ತವೆ. ದೂರ ನಿಲ್ಲಿಸಿದ್ದರಿಂದಲೇ ಅವಳ ದನಿ ತೆಳ್ಳಗಾದದ್ದು. ಮೊದಲು ದೂರ ನಿಲ್ಲಿಸುವುದು, ಆಮೇಲೆ ದನಿಯಲ್ಲಿ ಗಟ್ಟಿತನವಿಲ್ಲ ಎನ್ನುವುದು. ಇದು ಮೈಕಿನ ಮುಂದೆ ಮಾತ್ರ ನಡೆಯುತ್ತದೆಯೇ, ನೀವೇ ಹೇಳಿ.

ಮಾತನಾಡುವವರದೂ ತಪ್ಪಿರುವುದಿಲ್ಲವೇ ಎಂದು ಕೇಳಬಹುದು. ಇರುತ್ತದೆ. ಮೈಕನ್ನು ಹೊಟ್ಟೆಯ ಹತ್ತಿರ ಹಿಡಿಯುವವರಿದ್ದಾರೆ, ಫೂ ಫೂ ಎಂದು ಊದುವವರಿದ್ದಾರೆ. ಆ ಹುಡುಗನನ್ನೂ ನಾನು ದೂರುವುದಿಲ್ಲ. ಪಾಪ, ಬೆಳಗಿನಿಂದ ಡಬ್ಬ ಹೊತ್ತವನು, ಅವನಿಗೆ ಯಾರೂ ಕಲಿಸಿಲ್ಲ. ನನ್ನ ಜಗಳವೆಲ್ಲ ಹೆಣ್ಣಿನ ದನಿ ಕೆಟ್ಟು ಕೇಳಿಸಿದಾಗ ಮೊದಲು ಅವಳ ಗಂಟಲನ್ನೇ ಹಿಡಿಯುವ ಅಭ್ಯಾಸದ ಮೇಲೆ. ಗಂಡಸಿನ ಮೈಕು ಕರಕರ ಎಂದರೆ "ಏಯ್, ಮೈಕ್ ಸರಿ ಮಾಡ್ರೋ" ಎನ್ನುತ್ತಾರೆ. ನಮ್ಮದು ಎಂದರೆ "ಮೆಲ್ಲಗೆ ಮಾತಾಡಮ್ಮ."

ಆದ್ದರಿಂದ ಈ ವಿದ್ಯೆಯನ್ನು ನಾವೇ ಕಲಿತುಕೊಳ್ಳೋಣ. ಕುಕ್ಕರಿನ ವಾಲ್ವ್ ಬದಲಿಸುವ ಕೈಗೆ ಇದು ಕಷ್ಟವಲ್ಲ. ಸಭೆಯ ನಡುವೆ ಸದ್ದು ಬಂದರೆ ವೈರನ್ನು ಬೇರೆ ಚಾನೆಲ್ಲಿಗೆ ಹಾಕಿಸಿ, ಕೆಟ್ಟ ತಿರುಪನ್ನು ಮುಟ್ಟಲು ಬಿಡಬೇಡಿ. ಸಭೆ ಮುಗಿದ ಮೇಲೆ ಯಾರೂ ಮಾತನಾಡದಿರುವಾಗ ಒಂದೊಂದೇ ತಿರುಪನ್ನು ತಿರುಗಿಸಿ, ಕರಕರ ಎಂದದ್ದೇ ಕಳ್ಳ. ಪ್ಲಗ್ ಕಿತ್ತು, ತಿರುಪಿನ ಟೋಪಿ ತೆಗೆದು, ಸಂದಿಯೊಳಗೆ ಕಾಂಟ್ಯಾಕ್ಟ್ ಕ್ಲೀನರ್ ಎಂಬ ಸ್ಪ್ರೇ ಸ್ವಲ್ಪವೇ ಹೊಡೆದು, ಈ ತುದಿಯಿಂದ ಆ ತುದಿಗೆ ಇಪ್ಪತ್ತು-ಮೂವತ್ತು ಸಲ ತಿರುಗಿಸಿ, ಒಣಗಲು ಬಿಡಿ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಖಂಡಿತ ಬೇಡ, ಎಣ್ಣೆ ಧೂಳನ್ನು ಕರೆಯುತ್ತದೆ. ಇಷ್ಟಾದರೂ ಸದ್ದು ಹೋಗದಿದ್ದರೆ ಒಳಗೆ ಯಾವುದೋ ಕೆಪಾಸಿಟರ್ ಸೋರಿ ತಿರುಪಿಗೆ ಬರಬಾರದ ಕರೆಂಟು ಬರುತ್ತಿರಬಹುದು. ತಿರುಪನ್ನು ಒತ್ತಿದಾಗ ದನಿ ಬಂದು ಹೋಗಿ ಮಾಡಿದರೆ ಬೆಸುಗೆ ಬಿರುಕು ಬಿಟ್ಟಿರಬಹುದು. ಅವೆರಡೂ ರಿಪೇರಿಯವನ ಕೆಲಸ. ಹೊಸ ಮಿಕ್ಸರ್ ಕೊಳ್ಳಲು ಚಂದಾ ಎತ್ತುವ ಅಗತ್ಯವಂತೂ ಇಲ್ಲ.

ಹೋದ ತಿಂಗಳು ಪೀಣ್ಯದಲ್ಲಿ ಮೆಟ್ರೋ ಹತ್ತಿ, ಚಿಕ್ಕಪೇಟೆಯಲ್ಲಿ ಇಳಿದು, ಎಸ್.ಪಿ. ರಸ್ತೆಯಲ್ಲಿ ಆ ಸ್ಪ್ರೇ ಡಬ್ಬಿ ಒಂದನ್ನು ತಂದಿಟ್ಟಿದ್ದೇನೆ. ಅಂಗಡಿಯವರು "ಯಾರಿಗಮ್ಮ, ಮಗನಿಗಾ?" ಎಂದು ಕೇಳಿದರು. ನನಗೇ ಎಂದೆ.

ಅವಳು ಮಾತ್ರ ಇನ್ನೂ ಒಪ್ಪಿಲ್ಲ. "ಬೇಡಕ್ಕ, ಮತ್ತೆ ನಗ್ತಾರೆ" ಎನ್ನುತ್ತಾಳೆ. ಕಾಗದ ಹರಿದು ಹಾಕಿಲ್ಲ ಎನ್ನುವುದಷ್ಟೇ ನನ್ನ ಧೈರ್ಯ. ಬರುವ ನವೆಂಬರಿಗೆ ಮಿಕ್ಸರಿನ ಪಕ್ಕದ ಕುರ್ಚಿಯಲ್ಲಿ ನಾನೇ ಕೂರುತ್ತೇನೆಂದು ಸಮಿತಿಯವರಿಗೆ ಈಗಲೇ ಹೇಳಿಟ್ಟಿದ್ದೇನೆ. ಆ ಬೀದಿಗೆ ದೀಪ ಇನ್ನೂ ಬಂದಿಲ್ಲ.