ಅರಿವೊಂದೇ ಸಾಕೇ?

ಜೂನ್ 26 ಮಾದಕ ವಸ್ತು ವಿರೋಧಿ ದಿನ. 1987ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಗೊತ್ತುಪಡಿಸಿದ ಈ ದಿನದಂದು ಕಾಲೇಜುಗಳಲ್ಲಿ ಭಾಷಣ, ಜಾಥಾ, ಪ್ರತಿಜ್ಞಾವಿಧಿಗಳು ನಡೆಯುತ್ತವೆ. ಇವು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ನಮ್ಮ ವಿದ್ಯಾರ್ಥಿಗಳಲ್ಲಿ ಕೊರತೆಯಿರುವುದು ನಿಜವಾಗಿಯೂ ತಿಳಿವಳಿಕೆಯದೇ?

2023ರ ಜನವರಿಯಲ್ಲಿ ಮಂಗಳೂರಿನ ಪೊಲೀಸರು ಗಾಂಜಾ ಪ್ರಕರಣವೊಂದರಲ್ಲಿ ಬಂಧಿಸಿದವರ ಪೈಕಿ ವೈದ್ಯರೂ ವೈದ್ಯಕೀಯ ವಿದ್ಯಾರ್ಥಿಗಳೂ ಇದ್ದರು. ತೀರ್ಪು ನೀಡುವುದು ನ್ಯಾಯಾಲಯದ ಕೆಲಸ. ನಮ್ಮನ್ನು ಕಾಡುವ ಪ್ರಶ್ನೆ ಬೇರೆ: ಅಮಲಿನ ಪರಿಣಾಮವನ್ನು ವೈದ್ಯಶಾಸ್ತ್ರ ಓದುವವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಒಳಿತನ್ನು ಅರಿತವನು ಕೆಡುಕನ್ನು ಮಾಡಲಾರನೆಂದು ಸಾಕ್ರೆಟಿಸ್ ನಂಬಿದ್ದನು. ಅರಿಸ್ಟಾಟಲ್ ಅದನ್ನು ಹಾಗೆಯೇ ಒಪ್ಪಲಿಲ್ಲ; ಅರಿತೂ ಜಾರುವ ಮನಸ್ಸಿನ ದೌರ್ಬಲ್ಯವನ್ನು ಆತ ಕಂಡಿದ್ದನು. ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ ಆ ದೌರ್ಬಲ್ಯವನ್ನು ತಮ್ಮದೆಂದೇ ಒಪ್ಪಿಕೊಂಡರು. 'ಒಮ್ಮೆ ನೋಡಿದರೇನು?', 'ಗಾಂಜಾ ಬರೀ ಸೊಪ್ಪಲ್ಲವೇ?', 'ಬೇಕಾದಾಗ ಬಿಡಬಲ್ಲೆ' ಎಂಬ ಧೋರಣೆಗಳು ತಿಳಿವಳಿಕೆಯ ಪಕ್ಕದಲ್ಲೇ ಬೆಳೆಯುತ್ತವೆ. ಮದುವೆ, ಜ್ಞಾನಸ್ನಾನಗಳ ಔತಣದಲ್ಲಿ ಮದ್ಯವಿಲ್ಲದಿದ್ದರೆ ಕುಂದೆಂದು ಭಾವಿಸುವ ಮನೆಯಲ್ಲಿ ಸಂಯಮದ ಉಪದೇಶಕ್ಕೆ ಬಲವೆಲ್ಲಿಂದ ಬಂದೀತು?

ಇನ್ನು, ಮಗನೋ ಮಗಳೋ ವ್ಯಸನಕ್ಕೆ ಬಿದ್ದರೆಂದು ತಿಳಿದಾಗ ನಮ್ಮನ್ನು ಮೊದಲು ಕಾಡುವುದು ಮರ್ಯಾದೆಯ ಚಿಂತೆ. ವಾಳೆಯವರ ಬಾಯಿಗೆ ಅಂಜಿ ಚಿಕಿತ್ಸೆಯನ್ನು ಮುಂದೂಡುತ್ತೇವೆ. 1985ರ ಮಾದಕ ದ್ರವ್ಯ ಕಾಯ್ದೆಯಾದರೋ ಕಠಿಣವೆಂದೇ ಹೆಸರಾದುದು. ಆದರೂ ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿಯು ಸ್ವಇಚ್ಛೆಯಿಂದ ಸರಕಾರದ ಮಾನ್ಯತೆಯುಳ್ಳ ಕೇಂದ್ರದಲ್ಲಿ ಚಿಕಿತ್ಸೆ ಪಡೆದು ಪೂರೈಸಿದರೆ, ಅದರ 64ಎ ಕಲಮು ಆತನಿಗೆ ವಿಚಾರಣೆಯಿಂದ ವಿನಾಯಿತಿ ನೀಡುತ್ತದೆ. ಕಾನೂನು ತೆರೆದಿಟ್ಟ ಬಾಗಿಲನ್ನು ಮನೆಯವರೇ ಮುಚ್ಚುವುದು ಎಂತಹ ವಿಪರ್ಯಾಸ!

ಗುರುಗಳಾದ ನಾವೂ ಇದಕ್ಕೆ ಹೊರತಲ್ಲ. ಪ್ರವಚನಪೀಠದಿಂದ ನಾವು ಕೆಡುಕನ್ನು ಖಂಡಿಸಿದ ಮೇಲೆ, ಅದಕ್ಕೆ ಬಲಿಯಾದ ಯುವಕನು ನಮ್ಮ ಬಳಿ ಬರಲು ಅಂಜಿದನಾದರೆ, ನಮ್ಮ ಖಂಡನೆಯಲ್ಲಿ ಕರುಣೆ ಸಾಲದಾಯಿತೆಂದೇ ಅರ್ಥ.

ಆದುದರಿಂದ, ಸಂಜೆಯ ಜಪಸರ ಮುಗಿದ ಮೇಲೆ ಹತ್ತು ನಿಮಿಷ ಮಕ್ಕಳ ಮಾತನ್ನು ಉಪದೇಶಿಸದೆ ಆಲಿಸೋಣ. ಹಾಸ್ಟೆಲಿನಲ್ಲಿರುವವರಿಗೆ ದೂರವಾಣಿ ಮಾಡಿದಾಗ ಅಂಕಗಳನ್ನಷ್ಟೇ ವಿಚಾರಿಸದಿರೋಣ. ನೆರವು ಬೇಕಾದವರಿಗೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446 ಇದೆ. ದುಂದುಗಾರ ಮಗನ ತಂದೆ ಊರವರ ಮಾತಿಗೆ ಕಾಯಲಿಲ್ಲ. ಮಗನನ್ನು ದೂರದಲ್ಲಿ ಕಂಡೊಡನೆ ಓಡಿದನು. ನಮ್ಮ ಮಕ್ಕಳೂ ಅಂತಹ ತಂದೆತಾಯಿಯರಿಗಾಗಿ ಕಾದಿದ್ದಾರೆ.