ಆಕಾಶದ ದಾರಿಗೆ ಒಂದೇ ಗಡಿಯಾರ

ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಶಾಲೆಯೊಂದರಲ್ಲಿ ಕುಳಿತ ಹುಡುಗಿ ಬೆಂಗಳೂರಿನ ಅಧ್ಯಾಪಕರ ಪಾಠ ಕೇಳಿ, ಅಲ್ಲಿಂದಲೇ ಅವರನ್ನು ಪ್ರಶ್ನೆ ಕೇಳಬಹುದೇ? ನಡುವೆ ಉಪಗ್ರಹವಿದ್ದರೆ ಖಂಡಿತ ಕೇಳಬಹುದು. ಇಂಥ ಕೆಲಸಕ್ಕೆಂದೇ ಭಾರತ 2004ರ ಸೆಪ್ಟೆಂಬರ್ 20ರಂದು ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿತು. ಆ ಯೋಜನೆಯ ಮೊದಲ ಪ್ರಯೋಗಗಳಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಇತ್ತು. ಮುಂದೆ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಆಕಾಶದಿಂದ ಪಾಠ ಇಳಿಯಿತು. 2010ರಲ್ಲಿ ಎಜುಸ್ಯಾಟ್‌ನ ಸೇವೆ ಮುಗಿಯಿತು. ಆದರೆ ಉಪಗ್ರಹದ ಮೂಲಕ ಮಾತು, ಚಿತ್ರ, ಅಂಕಿಗಳನ್ನು ಕಳಿಸುವವರು ಇಂದಿಗೂ ಮರೆಯಬಾರದ ಒಂದು ಪಾಠವಿದೆ. ಅದು ಗಡಿಯಾರದ ಪಾಠ.

ತಾಳ್ಯಕ್ಕೂ ಬೆಂಗಳೂರಿಗೂ ಹೀಗೆ ಒಂದು ಸಂಪರ್ಕವಿದೆ ಎಂದಿಟ್ಟುಕೊಳ್ಳಿ. ಎರಡೂ ಕಡೆ ಒಂದೊಂದು ಮಲ್ಟಿಪ್ಲೆಕ್ಸರ್, ಒಂದೊಂದು ಮೋಡೆಮ್. ಹಲವು ಮಾತುಗಳನ್ನೂ ಕಂಪ್ಯೂಟರ್ ಮಾಹಿತಿಯನ್ನೂ ಸರದಿಯಂತೆ ಒಂದೇ ಸಾಲಿಗೆ ಸೇರಿಸುವುದು ಮಲ್ಟಿಪ್ಲೆಕ್ಸರ್‌ನ ಕೆಲಸ. 'ಇ-1' ಎಂಬ ಸಾಲನ್ನು ರೈಲಿಗೆ ಹೋಲಿಸಬಹುದು. ಪ್ರತಿ ರೈಲಿಗೆ 32 ಬೋಗಿ, ಬೋಗಿಗೆ 8 ಬಿಟ್, ಒಟ್ಟು 256 ಬಿಟ್. ಸೆಕೆಂಡಿಗೆ ಇಂಥ 8,000 ರೈಲುಗಳು ಹೊರಡುತ್ತವೆ. ಅಂದರೆ ಸೆಕೆಂಡಿಗೆ 20,48,000 ಬಿಟ್! ಇವನ್ನು ರೇಡಿಯೊ ಅಲೆಗೆ ಏರಿಸುವುದು ಒಂದು ಮೋಡೆಮ್, ಇಳಿಸಿಕೊಳ್ಳುವುದು ಇನ್ನೊಂದು.

ಭೂಸ್ಥಿರ ಉಪಗ್ರಹ ಇರುವುದು ಸಮಭಾಜಕ ವೃತ್ತದ ಮೇಲೆ 35,786 ಕಿ.ಮೀ. ಎತ್ತರದಲ್ಲಿ. ಅಲೆ ಮೇಲೇರಿ ಕೆಳಗಿಳಿಯಲು ಸುಮಾರು ಕಾಲು ಸೆಕೆಂಡು ಬೇಕು. ಹಾಗಾಗಿ ಯಾವ ಕ್ಷಣದಲ್ಲಿ ಲೆಕ್ಕ ಹಾಕಿದರೂ ಐದು ಲಕ್ಷದಷ್ಟು ಬಿಟ್‌ಗಳು ದಾರಿಯಲ್ಲೇ ಇರುತ್ತವೆ. ಈ ತಡದಿಂದ ಸಾಲು ಕೆಡುವುದಿಲ್ಲ. ದಿನಕ್ಕೊಂದು ಕಾಗದ ಹಾಕಿದರೆ, ಅಂಚೆ ಎರಡು ದಿನ ತಡವಾದರೂ ದಿನಕ್ಕೊಂದೇ ಕಾಗದ ತಲುಪುತ್ತದೆ. ಕೇಡಿರುವುದು ತಡದಲ್ಲಲ್ಲ, ನಡಿಗೆಯ ವ್ಯತ್ಯಾಸದಲ್ಲಿ.

ದಿನಕ್ಕೆ ನಾಲ್ಕು ಸೆಕೆಂಡು ಮುಂದೆ ಓಡುವ ಕೈಗಡಿಯಾರದಿಂದ ಯಾರಿಗೂ ನಷ್ಟವಿಲ್ಲ. ಅದು ಹತ್ತು ಲಕ್ಷಕ್ಕೆ ಸುಮಾರು 50 ಭಾಗದಷ್ಟು ತಪ್ಪು. ಎರಡು ತುದಿಗಳ ಗಡಿಯಾರಗಳ ನಡುವೆ ಇಷ್ಟೇ ವ್ಯತ್ಯಾಸ ಬಂದರೆ ಏನಾಗುತ್ತದೆ ನೋಡಿ: ಸೆಕೆಂಡಿಗೆ ಸುಮಾರು 100 ಬಿಟ್‌ಗಳ ಲೆಕ್ಕ ತಪ್ಪುತ್ತದೆ. ಎರಡೂವರೆ ಸೆಕೆಂಡಿಗೊಮ್ಮೆ ಒಂದು ಇಡೀ ರೈಲು ಕಳೆದುಹೋಗುತ್ತದೆ, ಇಲ್ಲವೇ ಒಂದೇ ರೈಲು ಎರಡು ಸಲ ಬರುತ್ತದೆ. ತಂತ್ರಜ್ಞರು ಇದನ್ನು 'ಸ್ಲಿಪ್' ಎನ್ನುತ್ತಾರೆ. ಮಾತಿನ ನಡುವೆ 'ಟಿಕ್' ಎಂಬ ಸದ್ದು ಕೇಳಿಸುತ್ತದೆ, ಚಿತ್ರ ಒಡೆಯುತ್ತದೆ. ಹುಡುಗಿಯ ಪ್ರಶ್ನೆ ಅರ್ಧಂಬರ್ಧ ತಲುಪುತ್ತದೆ.

ಇದಕ್ಕೆ ಪರಿಹಾರ ಸರಳ: ಇಡೀ ಸಾಲಿಗೆ ಒಂದೇ ಗಡಿಯಾರ ಯಜಮಾನನಾಗಿರಬೇಕು. ಬೆಂಗಳೂರಿನ ಗಡಿಯಾರ ಯಜಮಾನ ಎನ್ನಿ. ಅಲ್ಲಿನ ಮೋಡೆಮ್ ಆ ಮಿಡಿತಕ್ಕೆ ಸರಿಯಾಗಿ ಬಿಟ್‌ಗಳನ್ನು ಕಳಿಸುತ್ತದೆ. ತಾಳ್ಯದ ಮೋಡೆಮ್ ಬಂದ ಬಿಟ್‌ಗಳಿಂದಲೇ ಮಿಡಿತವನ್ನು ಹೆಕ್ಕಿ ತನ್ನ ಮಲ್ಟಿಪ್ಲೆಕ್ಸರ್‌ಗೆ ಕೊಡುತ್ತದೆ. ಉತ್ತರವೂ ಅದೇ ಮಿಡಿತದಲ್ಲಿ ಹೊರಡುತ್ತದೆ. ಭಜನೆಯಲ್ಲಿ ಒಬ್ಬರು ಹಾಕಿದ ತಾಳಕ್ಕೆ ಎಲ್ಲರೂ ಹಾಡುವಂತೆ. ಇಬ್ಬರೂ ಯಜಮಾನರಾದರೆ ಸ್ಲಿಪ್ ತಪ್ಪದು. ಯಾರೂ ಯಜಮಾನರಾಗದೆ ಇವನು ಅವನನ್ನು, ಅವನು ಇವನನ್ನು ಅನುಸರಿಸಿದರಂತೂ ಇಬ್ಬರೂ ಸೇರಿ ದಾರಿ ತಪ್ಪುತ್ತಾರೆ!

ಇನ್ನೊಂದು ತೊಡಕಿದೆ. ಉಪಗ್ರಹ 'ಸ್ಥಿರ' ಎಂದರೂ ನೆಟ್ಟ ಕಂಬದಂತೆ ನಿಂತಿರುವುದಿಲ್ಲ. 1982ರಲ್ಲಿ ಆರಂಭವಾದ ಹಾಸನದ ಮುಖ್ಯ ನಿಯಂತ್ರಣ ಕೇಂದ್ರ ಭಾರತದ ಭೂಸ್ಥಿರ ಉಪಗ್ರಹಗಳನ್ನು ಗೊತ್ತಾದ ಎಲ್ಲೆಯೊಳಗೆ ಹಿಡಿದಿಡುತ್ತದೆ. ಆದರೂ ಉಪಗ್ರಹ ದಿನವೂ ಹತ್ತಾರು ಕಿ.ಮೀ. ಅತ್ತಿತ್ತ ಸರಿಯುತ್ತದೆ. ದಾರಿ 60 ಕಿ.ಮೀ. ಉದ್ದವಾದರೆ ಸುಮಾರು 410 ಬಿಟ್‌ಗಳು ಹೆಚ್ಚಾಗಿ ದಾರಿಯಲ್ಲೇ ಉಳಿಯುತ್ತವೆ. ಅದಕ್ಕಾಗಿ ಬೆಂಗಳೂರಿನ ಮೋಡೆಮ್‌ನಲ್ಲಿ, ಬಿಟ್‌ಗಳು ಒಳಬರುವ ಕಡೆ, 'ಬಫರ್' ಎಂಬ ತೊಟ್ಟಿ ಇಡುತ್ತಾರೆ. ತೊಟ್ಟಿಗೆ ಬಿಟ್‌ಗಳು ಬಂದ ವೇಗದಲ್ಲೇ ಬೀಳುತ್ತವೆ. ಹೊರಗೆ ಹರಿಯುವುದು ಮಾತ್ರ ಯಜಮಾನನ ಮಿಡಿತಕ್ಕೆ. ಉಪಗ್ರಹ ದೂರ ಸರಿದಾಗ ತಗ್ಗಿದ ಮಟ್ಟ ಅದು ಹತ್ತಿರ ಬಂದಾಗ ಮತ್ತೆ ಏರುತ್ತದೆ. ಆದರೆ ಹೊಂದಿಕೆಯಿಲ್ಲದ ಎರಡು ಗಡಿಯಾರಗಳ ಅಂತರ ಹೀಗೆ ಏರಿಳಿಯುವುದಿಲ್ಲ, ಒಂದೇ ಸಮನೆ ಬೆಳೆಯುತ್ತದೆ. ಎಷ್ಟು ದೊಡ್ಡ ತೊಟ್ಟಿಯೂ ಒಂದು ದಿನ ತುಂಬೀತು ಅಥವಾ ಬರಿದಾದೀತು.

ಎರಡು ದೇಶಗಳ ನಡುವೆ ಒಬ್ಬನೇ ಯಜಮಾನ ಸಾಧ್ಯವಿಲ್ಲದಿದ್ದರೆ? ಆಗ ಎರಡೂ ಕಡೆ ಅತಿ ನಿಖರವಾದ ಗಡಿಯಾರ ಬೇಕು. ಸೀಸಿಯಂ ಪರಮಾಣು ಗಡಿಯಾರ ಅಂಥದು. ಪ್ರತಿಯೊಂದರ ತಪ್ಪೂ ಹತ್ತು ಸಾವಿರ ಕೋಟಿಗೆ ಒಂದು ಭಾಗ ಮೀರದಿದ್ದರೆ ಸುಮಾರು 72 ದಿನಕ್ಕೊಮ್ಮೆ ಮಾತ್ರ ಸ್ಲಿಪ್ ಆದೀತು.

ವಿದ್ಯಾರ್ಥಿಗಳೇ, ನಿಮಗೊಂದು ಲೆಕ್ಕ. ಒಂದು ಗಡಿಯಾರ ಹತ್ತು ಲಕ್ಷಕ್ಕೆ ಒಂದು ಭಾಗ ವೇಗವಾಗಿ, ಇನ್ನೊಂದು ಅಷ್ಟೇ ನಿಧಾನವಾಗಿ ನಡೆಯುತ್ತಿದೆ. 256 ಬಿಟ್‌ಗಳ ಒಂದು ರೈಲು ತಪ್ಪಲು ಎಷ್ಟು ಹೊತ್ತು ಬೇಕು? ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ಮಾಡಿ ನೋಡಿ. 62.5 ಸೆಕೆಂಡು ಬಂದರೆ ನಿಮ್ಮ ಲೆಕ್ಕ ಸರಿ.