ತರಬೇತಿಯನ್ನು ಹೊರಗೆ ಕೊಡಬಹುದು, ಹೊಣೆಯನ್ನು?

ಮಳವಳ್ಳಿ ತಾಲೂಕಿನ ಪೂರಿಗಾಲಿಯಂತಹ ಊರಿನಲ್ಲಿ ಒಂದು ಬೈಕ್ ದುರಸ್ತಿ ಅಂಗಡಿಯನ್ನು ಕಲ್ಪಿಸಿಕೊಳ್ಳಿ. ಒಬ್ಬ ಮಾಲಕ, ಇಬ್ಬರು ಹುಡುಗರು. ಮಾಲಕ ಈ ಕಸುಬನ್ನು ಕಲಿತದ್ದು ಸ್ಪ್ಯಾನರ್ ಹಿಡಿದು, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು. ಹುಡುಗರು ಕಲಿಯುತ್ತಿರುವುದೂ ಹಾಗೆಯೇ. ಆದರೆ 2020ರ ಎಪ್ರಿಲ್ 1ರಂದು ಬಿಎಸ್-6 ಮಾನದಂಡ ಜಾರಿಗೆ ಬಂತು. ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರ್‌ನ ಜಾಗವನ್ನು ಫ್ಯೂಯೆಲ್ ಇಂಜೆಕ್ಷನ್ ಆಕ್ರಮಿಸಿಕೊಂಡಿತು. ಈಗ ದೋಷವನ್ನು ಪತ್ತೆ ಹಚ್ಚಲು ಕಿವಿ ಸಾಲದು, ಸೆನ್ಸರುಗಳನ್ನು ಓದುವ ಸ್ಕ್ಯಾನರ್ ಬೇಕು. ತನಗೇ ಗೊತ್ತಿಲ್ಲದ ವಿದ್ಯೆಯನ್ನು ಮಾಲಕ ಹುಡುಗರಿಗೆ ಕಲಿಸುವುದಾದರೂ ಹೇಗೆ?

ಇದು ಬೈಕ್ ಅಂಗಡಿಯೊಂದರ ಕಥೆಯಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ದಿನಸಿ ಅಂಗಡಿಯ ಲೆಕ್ಕ ಬರೆಯುವಾತನೂ ಇದೇ ಇಕ್ಕಟ್ಟಿಗೆ ಸಿಲುಕಿದ. ಇಂದು ಪೂರಿಗಾಲಿಯ ಹೆಸರನ್ನು ಹೊರಗಿನವರು ಕೇಳುವುದು ಹೆಚ್ಚಾಗಿ ಹನಿ ಮತ್ತು ತುಂತುರು ನೀರಾವರಿ ಯೋಜನೆಯ ಮೂಲಕ. ಆ ಬಗೆಯ ಪೈಪು, ವಾಲ್ವು, ಫಿಲ್ಟರುಗಳನ್ನು ಮಾರುವ ಅಂಗಡಿಯ ನೌಕರ, ಅವನ್ನು ಜೋಡಿಸಿ ದುರಸ್ತಿ ಮಾಡುವುದನ್ನೂ ಕಲಿತಿರಬೇಕಲ್ಲವೇ? ಇನ್ಫೋಸಿಸ್‌ನಂತಹ ಕಂಪೆನಿ ತನ್ನ ನೌಕರರಿಗಾಗಿ ಮೈಸೂರಿನಲ್ಲಿ ತರಬೇತಿ ಕೇಂದ್ರವನ್ನೇ ಕಟ್ಟಿಕೊಂಡಿದೆ. ದಿನದ ವ್ಯಾಪಾರದಿಂದಲೇ ದಿನದ ಸಂಬಳ ಕೊಡುವ ಅಂಗಡಿಯವನಿಗೆ ಆ ಭಾಗ್ಯ ಇಲ್ಲ. ಆತ ತರಬೇತಿಯನ್ನು ಹೊರಗಿನವರಿಗೆ ಒಪ್ಪಿಸಲೇಬೇಕು. ಹಾಗಾದರೆ ಏನನ್ನು ಒಪ್ಪಿಸಬೇಕು, ಏನನ್ನು ತಾನೇ ಇಟ್ಟುಕೊಳ್ಳಬೇಕು? ನಾವು ಚರ್ಚಿಸಬೇಕಾದುದು ಇದನ್ನು.

ಉತ್ತರಕ್ಕಾಗಿ ಮ್ಯಾನೇಜ್‌ಮೆಂಟ್ ಪುಸ್ತಕಗಳನ್ನು ಬಿಡಿಸಬೇಕಾಗಿಲ್ಲ. ಮಳವಳ್ಳಿಯ ರೇಷ್ಮೆ ಬೆಳೆಗಾರರನ್ನು ಕೇಳಿದರೆ ಸಾಕು. ರೇಷ್ಮೆಹುಳುವಿನ ಜೀವನದಲ್ಲಿ ಐದು ಹಂತಗಳಿವೆ. ಮೊದಲ ಎರಡು ಹಂತಗಳೇ ಚಾಕಿ. ಆಗ ಹುಳು ಅತ್ಯಂತ ನಾಜೂಕು. ಎಳೆ ಸೊಪ್ಪು, ಹದವಾದ ಶಾಖ, ತಕ್ಕ ತೇವಾಂಶ, ಕಟ್ಟುನಿಟ್ಟಿನ ಶುಚಿತ್ವ ಎಲ್ಲವೂ ಬೇಕು. ಒಬ್ಬೊಬ್ಬ ರೈತನೂ ತನ್ನ ಮನೆಯಲ್ಲಿ ಇದನ್ನು ಹೊಂದಿಸಹೊರಟರೆ ಖರ್ಚೂ ಹೆಚ್ಚು, ಅಪಾಯವೂ ಹೆಚ್ಚು. ಆದ್ದರಿಂದ ಅನೇಕ ರೈತರು ಚಾಕಿ ಸಾಕಣೆ ಕೇಂದ್ರಕ್ಕೆ ಹಣ ಕೊಟ್ಟು, ಎರಡನೇ ಜ್ವರ ದಾಟಿದ ಹುಳುಗಳನ್ನು ತರುತ್ತಾರೆ. ಹಾಗೆಂದು ಹುಳು ಮನೆಗೆ ಬಂದ ಮೇಲೆ ಯಾರಾದರೂ ಕೈಕಟ್ಟಿ ಕೂರುತ್ತಾರೆಯೇ? ಉಳಿದ ಮೂರು ಹಂತ ರೈತನದ್ದೇ. ಹುಳು ತಿನ್ನುವ ಸೊಪ್ಪಿನ ಬಹುಪಾಲನ್ನು ತಿನ್ನುವುದೂ ಆಗಲೇ. ಆಗ ಉದಾಸೀನ ಮಾಡಿದವನಿಗೆ ಎಷ್ಟು ಒಳ್ಳೆಯ ಚಾಕಿಯೂ ಗೂಡು ಕಟ್ಟಿಕೊಡುವುದಿಲ್ಲ.

ನೌಕರನ ತರಬೇತಿಯೂ ಹೀಗೆಯೇ. ಹೊರಗಿನಿಂದ ಪಡೆಯಬೇಕಾದುದು ಚಾಕಿಯನ್ನು, ಅಂದರೆ ನಮಗೆ ತಿಳಿಯದ, ನಾವು ಕಲಿಸಲಾಗದ ಆರಂಭದ ಪಾಠವನ್ನು. ಗಿರಾಕಿಯೊಂದಿಗೆ ಮಾತು, ಸಾಮಾನಿನ ಲೆಕ್ಕ, ಕೆಲಸದ ಅಚ್ಚುಕಟ್ಟುತನ ಇವನ್ನು ಹೊರಗಿನವ ಕಲಿಸಲಾರ. ಅವು ಅಂಗಡಿಯಲ್ಲಿಯೇ, ಮಾಲಕನ ನಡತೆಯಿಂದಲೇ ಬರಬೇಕು. ಎಷ್ಟೋ ಮಂದಿ ಮಾಡುವುದೇನು? ಹುಡುಗನನ್ನು ಮೂರು ದಿನ ಬೆಂಗಳೂರಿಗೆ ಕಳುಹಿಸುತ್ತಾರೆ. ಆತ ಪ್ರಮಾಣಪತ್ರದೊಂದಿಗೆ ಮರಳಿದ ಕೂಡಲೇ ಮತ್ತೆ ಪಂಕ್ಚರ್ ಹಾಕಲು ಕೂರಿಸುತ್ತಾರೆ. ಕಲಿತದ್ದು ತಿಂಗಳೊಳಗೆ ಮರೆತು ಹೋಗುತ್ತದೆ. ಬಳಿಕ 'ತರಬೇತಿ ದಂಡ' ಎಂಬ ತೀರ್ಪು. ತಪ್ಪು ಯಾರದ್ದು?

ಇನ್ನು ಖರ್ಚಿನ ಮಾತು. ಒಬ್ಬ ಹುಡುಗನನ್ನು ನಗರಕ್ಕೆ ಕಳುಹಿಸಿದರೆ ಶುಲ್ಕ, ಬಸ್ಸು, ಊಟ, ವಸತಿ ಮಾತ್ರವಲ್ಲ, ಅಷ್ಟು ದಿನದ ಕೆಲಸವೂ ನಷ್ಟ. ಅದರ ಬದಲು ಆಸುಪಾಸಿನ ಆರು ಅಂಗಡಿಗಳು ಕೂಡಿಕೊಂಡರೆ? ತರಬೇತುದಾರನ ಒಂದು ದಿನದ ಶುಲ್ಕ 6,000 ರೂಪಾಯಿ ಎಂದಿಟ್ಟುಕೊಳ್ಳೋಣ. ತಲಾ 1,000 ರೂಪಾಯಿಗೆ ಆರೂ ಅಂಗಡಿಗಳ ಹುಡುಗರು ಕಲಿಯುತ್ತಾರೆ. ಒಂದೇ ಸ್ಕ್ಯಾನರನ್ನು ಆರು ಮಂದಿ ಸೇರಿ ಕೊಂಡು ಹಂಚಿಕೊಳ್ಳಲೂಬಹುದು. ಆದರೆ ಎದುರಿನ ಅಂಗಡಿಯವನನ್ನು ವೈರಿಯೆಂದೇ ಭಾವಿಸುವ ನಮಗೆ ಹಣದ ಕೊರತೆಗಿಂತ ದೊಡ್ಡದು ವಿಶ್ವಾಸದ ಕೊರತೆ.

'ಕಲಿಸಿದರೆ ಬಿಟ್ಟು ಹೋಗುತ್ತಾನೆ' ಎಂಬ ದೂರೂ ಇದೆ. ಇದು ಸುಳ್ಳಲ್ಲ. ಆದರೆ ಕಲಿಸದೆ ಉಳಿಸಿಕೊಂಡ ಹುಡುಗನಿಂದ ಅಂಗಡಿಗೆ ಬರುವ ಲಾಭವಾದರೂ ಏನು? ಕೆಲವರು ಅಂಕಪಟ್ಟಿಯ ಮೂಲಪ್ರತಿಯನ್ನು ತೆಗೆದಿರಿಸಿಕೊಳ್ಳುತ್ತಾರೆ. ಇನ್ನು ಕೆಲವರು ತರಬೇತಿಯ ಖರ್ಚನ್ನು ಸಂಬಳದಿಂದ ಮುರಿದುಕೊಳ್ಳುತ್ತಾರೆ. ಇದನ್ನು ತರಬೇತಿ ಎನ್ನುವುದೋ, ಜೀತ ಎನ್ನುವುದೋ? ಕಲಿತ ಕೈಗೆ ತಕ್ಕ ಕೂಲಿ ಹೆಚ್ಚಿಸುವುದು, ಕಲಿಯುವ ದಿನಗಳಿಗೂ ಪೂರ್ಣ ಸಂಬಳ ಕೊಡುವುದು: ಹುಡುಗರನ್ನು ಉಳಿಸಿಕೊಳ್ಳುವ ಗೌರವದ ದಾರಿ ಇದೊಂದೇ.

ಸರಕಾರಕ್ಕೂ ಇಲ್ಲಿ ಹೊಣೆಯಿದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯು ಊಟ, ವಸತಿಯೊಂದಿಗೆ ಉಚಿತ ತರಬೇತಿ ಕೊಡುವ ಮಾದರಿಯನ್ನು ಹಾಕಿಕೊಟ್ಟಿತು. ಆ ಮಾದರಿ ದೇಶದುದ್ದಕ್ಕೂ ಹಬ್ಬಿತು. ಆದರೆ ಅದರ ಗುರಿ ಸ್ವಂತ ಉದ್ಯೋಗ ಆರಂಭಿಸಬಯಸುವ ನಿರುದ್ಯೋಗಿಗಳು, ಈಗಾಗಲೇ ಕೂಲಿಗೆ ದುಡಿಯುತ್ತಿರುವ ಹುಡುಗನಲ್ಲ. 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯು ಭತ್ಯೆಯ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಭರಿಸುವ ಭರವಸೆ ನೀಡಿತು. ಆದರೆ 2019ರ ತಿದ್ದುಪಡಿಯಂತೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲು ಸಂಸ್ಥೆಯಲ್ಲಿ ಕನಿಷ್ಠ ನಾಲ್ವರು ದುಡಿಯುತ್ತಿರಬೇಕು. ಇಬ್ಬರು ಹುಡುಗರ ಅಂಗಡಿಗೆ ಆ ಬಾಗಿಲೂ ಮುಚ್ಚಿದೆ. ಪಕ್ಕದ ಮದ್ದೂರಿನಲ್ಲಿ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ, ಹಲವೆಡೆ ಐಟಿಐಗಳಿವೆ. ಅಲ್ಲಿನ ಬೋಧಕರು ಎರಡು ತಿಂಗಳಿಗೊಮ್ಮೆ ಹೋಬಳಿ ಕೇಂದ್ರಗಳಿಗೆ ಬಂದು ಒಂದು ದಿನ ಕಲಿಸುವ ವ್ಯವಸ್ಥೆಗೆ ಹೊಸ ಕಟ್ಟಡ ಬೇಕಾಗಿಲ್ಲ. ಬೇಕಾಗಿರುವುದು ಇಚ್ಛೆ.

ಸರಕಾರ ಬರುವ ತನಕ ಕಾಯಬೇಕೆಂದು ನಾವು ಹೇಳುವುದಿಲ್ಲ. ಬೆಳೆಗಾರ ಚಾಕಿ ತರುವ ಮುನ್ನ ಹಿಪ್ಪುನೇರಳೆ ತೋಟವನ್ನೊಮ್ಮೆ ನೋಡಿ ಬರುತ್ತಾನೆ, ಹುಳುವಿಗೆ ಸಾಕಾಗುವಷ್ಟು ಸೊಪ್ಪಿದೆಯೇ ಎಂದು. ಹುಡುಗನನ್ನು ತರಬೇತಿಗೆ ಕಳುಹಿಸುವ ಮಾಲಕನೂ ಒಮ್ಮೆ ತನ್ನ ಅಂಗಡಿಯೊಳಗೆ ನೋಡಿಕೊಳ್ಳಲಿ. ಆತ ಕಲಿತು ಬಂದ ಮೇಲೆ ಮಾಡಲು ಅಲ್ಲಿ ಕೆಲಸವಿದೆಯೇ?